ಖತ್ನಾ ಮತ್ತು ಖಫ್ಜ್: ಮಗುವಿನ ದೇಹದ ಮೇಲೆ ಎಳೆದ ಗೆರೆಯ ಚರಿತ್ರೆ

ಗಂಡುಮಗುವಿನ ಶಿಶ್ನದ ತುದಿಯನ್ನು ಮುಚ್ಚಿರುವ ಮುಂದೊಗಲನ್ನು ಕತ್ತರಿಸಿ ತೆಗೆಯುವ ಪದ್ಧತಿಗೆ ಕರ್ನಾಟಕದ ಮುಸ್ಲಿಮರಲ್ಲಿ ಖತ್ನಾ, ಸುನ್ನತ್, ಮುಂಜಿ ಎಂಬ ಹೆಸರುಗಳಿವೆ. ದಾವೂದಿ ಬೋಹ್ರಾ ಸಮುದಾಯದಲ್ಲಿ ಸುಮಾರು ಏಳು ವರ್ಷದ ಹೆಣ್ಣುಮಗುವಿನ ಚಂದ್ರನಾಡಿಯ ಮೇಲಿನ ಮುಸುಕು ಚರ್ಮವನ್ನು ಕತ್ತರಿಸುವುದು ಖಫ್ಜ್. ಎರಡರಲ್ಲೂ ಕತ್ತರಿಗೆ ಸಿಗುವುದು ಮಗುವಿನ ಆರೋಗ್ಯವಂತ ಅಂಗ, ಎರಡರಲ್ಲೂ ಮಗುವನ್ನು ಯಾರೂ ಕೇಳುವುದಿಲ್ಲ. ಆದರೂ ಮೊದಲನೆಯದಕ್ಕೆ ಹೊಸ ಬಟ್ಟೆ, ಹೂವಿನ ಹಾರ, ನೆಂಟರಿಷ್ಟರ ಊಟ. ಎರಡನೆಯದು ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಮೊದಲನೆಯದನ್ನು ಪ್ರಪಂಚದ ಬಹುತೇಕ ಎಲ್ಲ ಕಾನೂನುಗಳೂ ತಂದೆತಾಯಿಯ ಇಷ್ಟಕ್ಕೆ ಬಿಟ್ಟಿವೆ, ಎರಡನೆಯದು ಹತ್ತಾರು ದೇಶಗಳಲ್ಲಿ ಶಿಕ್ಷಾರ್ಹ ಅಪರಾಧ. ಈ ಗೆರೆ ಎಲ್ಲಿಂದ ಬಂತು, ನೀತಿಯ ದೃಷ್ಟಿಯಿಂದ ಅದು ಎಷ್ಟು ಗಟ್ಟಿ ಎಂಬುದನ್ನು ನೋಡಲು ಕರ್ನಾಟಕದ ಚರಿತ್ರೆಯಲ್ಲಿ ಸಾಕಷ್ಟು ಸಾಮಗ್ರಿ ಇದೆ.

2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಮುಸ್ಲಿಮರು ಸುಮಾರು 12.9%. ಬೆಂಗಳೂರು, ಮೈಸೂರು, ಕಲಬುರಗಿ ಕಡೆಯ ದಖ್ಖನಿ ಉರ್ದು ಮಾತಾಡುವವರು ಹೆಚ್ಚಾಗಿ ಹನಫಿ ಪಂಥದವರು. ದಕ್ಷಿಣ ಕನ್ನಡದ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಕುರಾನಿನಲ್ಲಿ ಖತ್ನಾದ ಉಲ್ಲೇಖವಿಲ್ಲ. ಅದರ ಆಧಾರ ಹದೀಸ್‌ ಮತ್ತು ಪ್ರವಾದಿ ಇಬ್ರಾಹಿಮರ ಪರಂಪರೆ. ಗಂಡುಮಕ್ಕಳ ಖತ್ನಾ ಹನಫಿಗಳಿಗೆ ಸುನ್ನತ್, ಅಂದರೆ ಪ್ರವಾದಿಯ ನಡೆ. ಶಾಫಿಗಳಿಗೆ ಕಡ್ಡಾಯ ಕರ್ತವ್ಯ. ಶಾಫಿ ಗ್ರಂಥಗಳು ಹೆಣ್ಣುಮಕ್ಕಳಿಗೂ ಈ ವಿಧಿಯನ್ನು ಹೇಳುತ್ತವೆ. ಆದರೆ ಎಲ್ಲ ಮುಸ್ಲಿಮರೂ ಇದನ್ನು ಆಚರಿಸುವುದಿಲ್ಲ. ಪಾದರಾಯನಪುರ, ಗೋರಿಪಾಳ್ಯದಂಥ ಬೆಂಗಳೂರಿನ ಪಶ್ಚಿಮ ಭಾಗದ ಹನಫಿ ದಖ್ಖನಿ ಮನೆಗಳಲ್ಲಿ ಹೆಣ್ಣುಮಕ್ಕಳ ಖತ್ನಾ ಎಂಬುದು ರೂಢಿಯಲ್ಲಿಲ್ಲ. ಧರ್ಮ ಒಂದೇ ಆದರೂ ಒಂದು ಗುಂಪು ಆವಶ್ಯಕವೆಂದು ಹಿಡಿದುಕೊಂಡದ್ದನ್ನು ಇನ್ನೊಂದು ಗುಂಪು ನೆನೆಯುವುದೇ ಇಲ್ಲವೆಂದಾಗ, ‘ಇದಿಲ್ಲದೆ ಧರ್ಮವೇ ಇಲ್ಲ’ ಎಂಬ ವಾದದ ಬಲ ಅಲ್ಲಿಗೇ ಅರ್ಧ ಕುಂದುತ್ತದೆ.

ಹಿಂದೆ ಖತ್ನಾ ಮಾಡುತ್ತಿದ್ದವರು ವಂಶಪಾರಂಪರ್ಯವಾಗಿ ಕ್ಷೌರ ವೃತ್ತಿಯವರು: ಬಯಲುಸೀಮೆಯಲ್ಲಿ ಹಜಾಮರು, ಕರಾವಳಿಯಲ್ಲಿ ಒಸ್ಸಾನರು. ಬೇಸಿಗೆ ರಜೆಯೇ ಅದರ ಕಾಲ. ಹುಡುಗನನ್ನು ಹಿರಿಯರೊಬ್ಬರು ಹಿಂದಿನಿಂದ ಅಲುಗದಂತೆ ಹಿಡಿದುಕೊಳ್ಳುತ್ತಿದ್ದರು. ಮುಂದೊಗಲನ್ನು ಎಳೆದು, ಸೀಳಿದ ಬಿದಿರಿನ ನಡುವೆ ಸಿಕ್ಕಿಸಿ, ಕ್ಷೌರದ ಕತ್ತಿಯಿಂದ ಒಂದೇ ಏಟಿಗೆ ಕತ್ತರಿಸಿ, ಗಾಯಕ್ಕೆ ಬೂದಿ ಹಾಕುತ್ತಿದ್ದರು. ಅರಿವಳಿಕೆ ಇರಲಿಲ್ಲ. ಈಗ ನಗರಗಳಲ್ಲಿ ಈ ಕೆಲಸ ಬಹುಮಟ್ಟಿಗೆ ನರ್ಸಿಂಗ್ ಹೋಮ್‌ಗಳಿಗೆ ಸಾಗಿದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪ್ಲಾಸ್ಟಿಕ್ ಉಂಗುರ ಕೂರಿಸಿ ದಾರ ಬಿಗಿದರೆ ಸುಮಾರು ಒಂದು ವಾರದಲ್ಲಿ ಉಂಗುರ ತಾನಾಗಿ ಉದುರುತ್ತದೆ. ಸ್ಟೇಪ್ಲರ್ ಮಾದರಿಯ ಉಪಕರಣಗಳೂ ಬಂದಿವೆ.

ಈ ಬದಲಾವಣೆಯನ್ನು ಕನ್ನಡದಲ್ಲಿ ಅತ್ಯಂತ ಸಮೀಪದಿಂದ ಕಂಡವರು ಹಾಸನದ ಬಾನು ಮುಷ್ತಾಕ್. 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಅವರ ಸಂಕಲನದಲ್ಲಿರುವ ‘ಕೆಂಪು ಲುಂಗಿ’ ಕತೆಯಲ್ಲಿ ಬಡ ಹುಡುಗರಿಗೆ ಸಾಮೂಹಿಕ ಖತ್ನಾ, ಶ್ರೀಮಂತ ಮನೆಯ ಹುಡುಗರಿಗೆ ಸರ್ಜನ್ ಕೈಯ ಶಸ್ತ್ರಚಿಕಿತ್ಸೆ. ಕೊನೆಗೆ ಬಡ ಹುಡುಗನ ಗಾಯ ಮಾಯುತ್ತದೆ, ಶ್ರೀಮಂತ ಮನೆಯ ಹುಡುಗನ ಗಾಯದಲ್ಲಿ ಕೀವಾಗುತ್ತದೆ. ಕತೆಯ ಕಣ್ಣು ವರ್ಗಭೇದದ ಮೇಲಿದ್ದರೂ ನೀತಿಯ ಚರ್ಚೆಗೆ ಅದು ಕೊಡುವ ಸುಳಿವು ದೊಡ್ಡದು. ಆಸ್ಪತ್ರೆ ನೋವು ಮತ್ತು ನಂಜಿನ ಪ್ರಶ್ನೆಗೆ ಉತ್ತರ ಕೊಡಬಲ್ಲದು, ಅದೂ ಪೂರ್ತಿಯಾಗಿ ಅಲ್ಲ. ‘ಈ ಮಗುವಿಗೆ ಇದು ಬೇಕಿತ್ತೇ’ ಎಂಬ ಪ್ರಶ್ನೆಗೆ ಆಸ್ಪತ್ರೆಯಲ್ಲಿ ಉತ್ತರವಿಲ್ಲ. ಮುಂದೊಗಲು ಬಿಗಿಯಾಗಿ ಮೂತ್ರಕ್ಕೆ ತೊಂದರೆಯಾದಾಗ ಎಲ್ಲ ಧರ್ಮದ ಹುಡುಗರಿಗೂ ವೈದ್ಯರು ಇದೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅದು ಚಿಕಿತ್ಸೆ, ವಾದ ಅದರ ಬಗ್ಗೆ ಅಲ್ಲ. ಎಳೆಯ ಮಕ್ಕಳಲ್ಲಿ ಮುಂದೊಗಲು ಹಿಂದೆ ಸರಿಯದಿರುವುದು ಸಹಜ, ಬಹುಪಾಲು ಮಕ್ಕಳಲ್ಲಿ ವಯಸ್ಸಾದಂತೆ ತಾನೇ ಸರಿಹೋಗುತ್ತದೆ ಎಂಬುದೂ ತಂದೆತಾಯಿಗೆ ತಿಳಿದಿರಬೇಕಾದ ಮಾತು.

ಒಪ್ಪಿಗೆ ಇಲ್ಲದ ಖತ್ನಾ ಕರ್ನಾಟಕದ ಚರಿತ್ರೆಯಲ್ಲಿ ಒಮ್ಮೆ ರಾಜಕೀಯ ವಿವಾದವೇ ಆಗಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಮತ್ತು ಅನಂತರದ ವರ್ಷಗಳಲ್ಲಿ ಹೈದರಾಲಿ, ಟಿಪ್ಪು ಸುಲ್ತಾನರ ಕೈಗೆ ಸೆರೆಸಿಕ್ಕ ಬ್ರಿಟಿಷರಲ್ಲಿ ಹಲವರಿಗೆ ಬಲವಂತವಾಗಿ ಖತ್ನಾ ಮಾಡಲಾಯಿತು. ಹದಿಹರೆಯದಲ್ಲೇ ಸೆರೆಯಾಗಿ ಶ್ರೀರಂಗಪಟ್ಟಣ ಸೇರಿದ ಜೇಮ್ಸ್ ಸ್ಕರಿ ಬರೆದ ಸೆರೆವಾಸದ ಕಥನ 1824ರಲ್ಲಿ ಅಚ್ಚಾಯಿತು. ಜೇಮ್ಸ್ ಬ್ರಿಸ್ಟೋ ಮೊದಲಾದ ಇತರ ಸೆರೆಯಾಳುಗಳ ಬರಹಗಳೂ ಇದನ್ನೇ ಹೇಳುತ್ತವೆ. ಇಂಥ ಪುಸ್ತಕಗಳನ್ನು ಕಂಪನಿ ಸರ್ಕಾರದ ಪರವಾದ ಪ್ರಚಾರಕ್ಕೂ ಬಳಸಿಕೊಳ್ಳಲಾಯಿತು, ಅವುಗಳನ್ನು ಎಚ್ಚರದಿಂದ ಓದಬೇಕು. ಆದರೆ ಬೇರೆಬೇರೆಯವರ ಹೇಳಿಕೆಗಳು ತಾಳೆಯಾಗುವುದರಿಂದ ಘಟನೆಯನ್ನು ಅಲ್ಲಗಳೆಯುವಂತಿಲ್ಲ. ಆ ಸೆರೆಯಾಳುಗಳಿಗೆ ಆದದ್ದು ಅನ್ಯಾಯವೆಂದು ಇಂದು ಎಲ್ಲರೂ ಒಪ್ಪುತ್ತಾರೆ, ಖತ್ನಾವನ್ನು ಪವಿತ್ರವೆಂದು ನಂಬುವವರೂ ಒಪ್ಪುತ್ತಾರೆ. ಗಾಯ ಅದೇ, ಅಂಗ ಅದೇ; ಅನ್ಯಾಯ ಇರುವುದು ಬಲವಂತದಲ್ಲಿ. ಹಾಗಾದರೆ ತಂದೆತಾಯಿಯ ಪ್ರೀತಿ, ಸಮುದಾಯದೊಳಗೆ ಮಗುವಿಗೆ ಸಿಗುವ ಸ್ಥಾನ, ಇವು ಮಗುವಿನ ಒಪ್ಪಿಗೆಯ ಜಾಗವನ್ನು ತುಂಬುತ್ತವೆಯೇ ಎಂಬುದೇ ಉಳಿಯುವ ಪ್ರಶ್ನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಲೋಕ ಈ ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಸ್ತ್ರೀ ಜನನಾಂಗ ಛೇದನವನ್ನು ನಾಲ್ಕು ವಿಧವಾಗಿ ವಿಂಗಡಿಸುತ್ತದೆ. ಚಂದ್ರನಾಡಿಯನ್ನೋ ಅದರ ಮುಸುಕನ್ನೋ ತೆಗೆಯುವುದು ಮೊದಲನೆಯದು. ಯೋನಿಯ ಬಾಯನ್ನೇ ಹೊಲಿದು ಕಿರಿದುಗೊಳಿಸುವುದು ಮೂರನೆಯದು. ಚುಚ್ಚುವುದು, ಗೀರುವುದು ನಾಲ್ಕನೆಯದು. 2024ರ ಯುನಿಸೆಫ್ ಅಂದಾಜಿನಂತೆ ಇದಕ್ಕೆ ಒಳಗಾದ ಹೆಣ್ಣುಮಕ್ಕಳು, ಮಹಿಳೆಯರು 23 ಕೋಟಿಗೂ ಹೆಚ್ಚು. ಸೊಮಾಲಿಯಾ, ಸುಡಾನ್‌ಗಳಲ್ಲಿ ಕಂಡುಬರುವ ಮೂರನೆಯ ವಿಧದ ಘೋರತೆಗೆ ಗಂಡುಮಕ್ಕಳ ಖತ್ನಾದಲ್ಲಿ ಸಮವಾದದ್ದು ಯಾವುದೂ ಇಲ್ಲ. ಹೆರಿಗೆಯಲ್ಲಿ ತಾಯಿ, ಮಗು ಇಬ್ಬರ ಜೀವಕ್ಕೂ ಅದು ಅಪಾಯ.

ಭಾರತದ ಪ್ರಕರಣ ಮೊದಲನೆಯ ಮತ್ತು ನಾಲ್ಕನೆಯ ವಿಧಗಳಿಗೆ ಸೇರಿದ್ದು. ದಾವೂದಿ ಬೋಹ್ರಾಗಳು ಗುಜರಾತ್ ಮೂಲದ ಶಿಯಾ ಇಸ್ಮಾಯಿಲಿ ವ್ಯಾಪಾರಿ ಸಮುದಾಯ. ಬೆಂಗಳೂರಿನಲ್ಲೂ ಅವರ ಕುಟುಂಬಗಳು ನೆಲೆಸಿವೆ. ಹತ್ತನೇ ಶತಮಾನದ ಅಲ್-ಖಾದಿ ಅಲ್-ನುಮಾನರ ‘ದಆಇಮ್ ಅಲ್-ಇಸ್ಲಾಂ’ ಬೋಹ್ರಾಗಳ ಧಾರ್ಮಿಕ ಕಾನೂನಿನ ಆಧಾರ. 2015ರಿಂದ ಈ ಸಮುದಾಯದ ಹೆಂಗಸರೇ ಬಹಿರಂಗವಾಗಿ ಮಾತಾಡತೊಡಗಿದರು. ಖಫ್ಜ್ ವಿರುದ್ಧ ದುಡಿಯುವ ಸಹಿಯೋ ಸಂಸ್ಥೆ 385 ಮಹಿಳೆಯರ ಸಮೀಕ್ಷೆ ನಡೆಸಿದಾಗ 80% ಮಂದಿ ತಮಗೆ ಖಫ್ಜ್ ಆಗಿದೆಯೆಂದರು. 2018ರ ಫೆಬ್ರವರಿಯಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಉತ್ತರಿಸಿದವರ ಏಳು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ 75% ಮಂದಿಗೆ ಅದು ಆಗಿತ್ತು. ಇವು ಆಯ್ದ ಜನರ ಸಮೀಕ್ಷೆಗಳು, ಇಡೀ ಸಮುದಾಯದ ಲೆಕ್ಕವಲ್ಲ. ಆದರೂ 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಅಧಿಕೃತ ಅಂಕಿ ಅಂಶವೇ ಇಲ್ಲವೆಂದ ಕೇಂದ್ರ ಸರ್ಕಾರದ ಹೇಳಿಕೆಯ ಎದುರು ಈ ಹೆಂಗಸರ ದನಿಗೆ ತೂಕವಿತ್ತು.

ಆ ಮೊಕದ್ದಮೆ ದೆಹಲಿಯ ವಕೀಲೆ ಸುನೀತಾ ತಿವಾರಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ. 2018ರಲ್ಲಿ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅರ್ಜಿಯನ್ನು ಬೆಂಬಲಿಸಿದರು. ಖಫ್ಜ್ ಪರವಾಗಿ ವಾದಕ್ಕಿಳಿದವರೂ ಬೋಹ್ರಾ ಸಮುದಾಯದ ಮಹಿಳೆಯರ ಒಂದು ಸಂಘಟನೆ ಎಂಬುದು ಗಮನಾರ್ಹ. ಗಂಡುಮಕ್ಕಳ ಖತ್ನಾದಲ್ಲಿ ಹೋಗುವ ಚರ್ಮ ಇದಕ್ಕಿಂತ ಹೆಚ್ಚು. ಅದಕ್ಕಿಲ್ಲದ ಅಡ್ಡಿ ಇದಕ್ಕೇಕೆ ಎಂಬುದು ಅವರ ವಾದದ ತಿರುಳು. ಅಂಗರಚನೆಯ ಮಟ್ಟಿಗೆ ಈ ವಾದವನ್ನು ತಳ್ಳಿಹಾಕುವುದು ಕಷ್ಟ. 2015ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯಾಯಮೂರ್ತಿ ಜೇಮ್ಸ್ ಮನ್ಬಿ ಒಂದು ತೀರ್ಪಿನಲ್ಲಿ ಇದನ್ನೇ ಒಪ್ಪಿಕೊಂಡರು. ನಾಲ್ಕನೆಯ ವಿಧದ ಕೆಲವು ಛೇದನಗಳಿಗಿಂತ ಗಂಡುಮಗುವಿನ ಖತ್ನಾ ಹೆಚ್ಚು ಗಾಯ ಮಾಡುತ್ತದೆ, ಎರಡೂ ಮಗುವಿಗೆ ಗಣನೀಯ ಹಾನಿಯೇ ಎಂದು ಹೇಳಿ, ಖತ್ನಾಕ್ಕೆ ಧಾರ್ಮಿಕ, ವೈದ್ಯಕೀಯ ಕಾರಣಗಳಿವೆಯೆಂದು ಅದನ್ನು ತಂದೆತಾಯಿಯ ಸಹಜ ಅಧಿಕಾರದೊಳಗೆ ಬಿಟ್ಟರು. ತೀರ್ಪಿನ ಮೊದಲ ಭಾಗ ಎರಡನೆಯದಕ್ಕಿಂತ ಗಟ್ಟಿಯಾಗಿದೆ. 2012ರ ಮೇ 7ರಂದು ಜರ್ಮನಿಯ ಕಲೋನ್ ನ್ಯಾಯಾಲಯ ನಾಲ್ಕು ವರ್ಷದ ಹುಡುಗನ ಪ್ರಕರಣದಲ್ಲಿ ಖತ್ನಾವನ್ನು ದೈಹಿಕ ಹಾನಿಯೆಂದಾಗ, ಅದೇ ಡಿಸೆಂಬರಿನಲ್ಲಿ ಜರ್ಮನ್ ಸಂಸತ್ತು ಖತ್ನಾಕ್ಕೆ ಅನುಮತಿ ಕೊಡುವ ಕಾನೂನನ್ನೇ ತಂದಿತು. ಯೆಹೂದಿಗಳನ್ನು ಕೊಂದ ದೇಶ, ಯೆಹೂದಿಗಳಿಗೂ ವಿಧಿಯಾಗಿರುವ ಖತ್ನಾವನ್ನು ಅಪರಾಧವೆನ್ನಲಾರದು ಎಂಬ ಭಾವನೆ ಅದರ ಹಿಂದಿತ್ತು. ಭಾವನೆ ಸಾಧುವೇ. ಆದರೆ ಅದು ಚರಿತ್ರೆಯ ಋಣ ತೀರಿಸುವ ಮಾತು, ಮಗುವಿನ ಹಕ್ಕಿನ ಮಾತಲ್ಲ.

ಖತ್ನಾದ ಪರವಾದ ಅತ್ಯಂತ ಬಲವಾದ ವೈದ್ಯಕೀಯ ಆಧಾರ ಎಚ್‌ಐವಿ ಕುರಿತದ್ದು. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳಲ್ಲಿ ನಡೆದು 2005 ಮತ್ತು 2007ರಲ್ಲಿ ಪ್ರಕಟವಾದ ಮೂರು ಪ್ರಯೋಗಗಳು, ಹೆಣ್ಣಿನಿಂದ ಗಂಡಿಗೆ ಸೋಂಕು ತಗಲುವ ಅಪಾಯ ಖತ್ನಾದಿಂದ ಸುಮಾರು 60% ಇಳಿಯುತ್ತದೆ ಎಂದು ತೋರಿಸಿದವು. ಆದರೆ ಆ ಪ್ರಯೋಗಗಳಿಗೆ ಒಳಗಾದವರು ಸ್ವಂತ ಇಚ್ಛೆಯಿಂದ ಒಪ್ಪಿದ ವಯಸ್ಕ ಗಂಡಸರು, ನಡೆದದ್ದು ಸೋಂಕು ವ್ಯಾಪಕವಾಗಿದ್ದ ನಾಡುಗಳಲ್ಲಿ. 2020ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಸೇವೆಯನ್ನು 15 ವರ್ಷ ಮೇಲ್ಪಟ್ಟವರಿಗೆ ಶಿಫಾರಸು ಮಾಡಿತು. ಬೆಂಗಳೂರಿನ ಯಾವುದೋ ಕ್ಲಿನಿಕ್ಕಿನಲ್ಲಿ ಐದು ವರ್ಷದ ಹುಡುಗನಿಗೆ ಇಂದೇ ಕತ್ತರಿಸಬೇಕೆಂಬುದಕ್ಕೆ ಈ ಆಧಾರ ಸಾಲದು. ಲೈಂಗಿಕ ಜೀವನ ಇನ್ನೂ ಹತ್ತಕ್ಕೂ ಹೆಚ್ಚು ವರ್ಷ ದೂರವಿರುವಾಗ ಅವನೇ ಬೆಳೆದು ತೀರ್ಮಾನಿಸಬಹುದು.

ಭಾರತದ ದಂಡ ಸಂಹಿತೆಯ 89ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಂ, ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪೋಷಕರ ಒಪ್ಪಿಗೆಯಿಂದ ಸದ್ಭಾವನೆಯಲ್ಲಿ ಮಾಡಿದ ಕೃತ್ಯಕ್ಕೆ ರಕ್ಷಣೆ ಕೊಡುತ್ತದೆ; ಜೀವ ಉಳಿಸಲೋ ಗಂಭೀರ ಕಾಯಿಲೆ ಗುಣಪಡಿಸಲೋ ಅಲ್ಲದೆ ತೀವ್ರ ಗಾಯ ಮಾಡಿದರೆ ಆ ರಕ್ಷಣೆ ಇಲ್ಲ. ‘ಒಳಿತು’ ಎಂಬುದರಲ್ಲಿ ಸಮುದಾಯದ ಒಳಿತು ಸೇರುತ್ತದೆಯೇ ಎಂಬಲ್ಲಿ ಎರಡೂ ಪದ್ಧತಿಗಳ ಹಣೆಬರಹ ಅಡಗಿದೆ. ಈ ಚರ್ಚೆಗೆ ಬಲ ಕೊಡುವ ತೀರ್ಪು ಬಂದದ್ದು ಬೆಂಗಳೂರಿನಲ್ಲಿ ನೆಲೆಸಿದ್ದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ. 2017ರ ಆಗಸ್ಟ್ 24ರ ಆ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು, ದೇಹದ ಸ್ವಾಯತ್ತತೆಯನ್ನು ಅದರೊಳಗೆ ಸೇರಿಸಿತು. ಆ ಹಕ್ಕಿಗೆ ಹೆಣ್ಣು ಗಂಡೆಂಬ ಭೇದವಿಲ್ಲ.

ವಿಧಿಯ ಹೆಸರಿನಲ್ಲಿ ದೇಹ ಕತ್ತರಿಸುವುದು ಕನ್ನಡ ನಾಡಿನಲ್ಲಿ ಒಂದೇ ಧರ್ಮದವರ ಸ್ವತ್ತಾಗಿರಲಿಲ್ಲ. ಬೆಂಗಳೂರು, ಕೋಲಾರ ಸೀಮೆಯ ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ, ಮಗಳ ಕಿವಿ ಚುಚ್ಚುವ ಮೊದಲು ತಾಯಿ ತನ್ನ ಬಲಗೈಯ ಉಂಗುರದ ಬೆರಳು, ಕಿರುಬೆರಳುಗಳ ತುದಿಗೆಣ್ಣನ್ನು ಕೊಡಬೇಕಿತ್ತು. ಊರ ಕಮ್ಮಾರ ಉಳಿಯಿಟ್ಟು ಹೊಡೆಯುತ್ತಿದ್ದ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಅನಂತರ ಲೂಯಿಸ್ ರೈಸ್, ಎಡ್ಗರ್ ಥರ್ಸ್ಟನ್ ಇದನ್ನು ದಾಖಲಿಸಿದ್ದಾರೆ. ಭಸ್ಮಾಸುರನಿಗೆ ಶಿವ ಅಡಗಿದ್ದ ಜಾಗವನ್ನು ಬೆರಳು ತೋರಿಸಿ ಹೇಳಿದ ಒಕ್ಕಲಿಗನನ್ನು ಉಳಿಸಲು ಅವನ ಹೆಂಡತಿ ತನ್ನ ಎರಡು ಬೆರಳು ಕೊಟ್ಟಳೆಂಬ ಕತೆ ಇದಕ್ಕೆ ಸಮರ್ಥನೆ. ತಪ್ಪು ಗಂಡನದು, ಬೆರಳು ಹೆಂಡತಿಯದು. ಹತ್ತೊಂಬತ್ತನೇ ಶತಮಾನದಲ್ಲಿ ಸರ್ಕಾರ ಇದನ್ನು ನಿಷೇಧಿಸಿತು. ಬೆರಳಿಗೆ ಚಿನ್ನದ ತಂತಿ ಸುತ್ತಿ ಅದನ್ನು ಕತ್ತರಿಸುವುದು ರೂಢಿಗೆ ಬಂತು. ದೇವರ ಮೇಲಿನ ಭಕ್ತಿ ಇದರಿಂದ ಕಡಿಮೆಯಾಗಲಿಲ್ಲ, ಪಂಗಡವೂ ಅಳಿಯಲಿಲ್ಲ.

ಸಂಕೇತದ ಈ ದಾರಿಯನ್ನು ಹೆಣ್ಣುಮಕ್ಕಳ ಛೇದನದಲ್ಲೂ ಹಿಡಿಯಬಹುದೇ ಎಂದು ಕೆಲವು ವೈದ್ಯರು ಕೇಳಿದ್ದುಂಟು. ಹೆಣ್ಣುಮಕ್ಕಳಿಗೆ ಸಾಂಕೇತಿಕವಾಗಿ ಒಂದು ಸೂಜಿಮೊನೆಯಷ್ಟು ಚುಚ್ಚಿ ದೊಡ್ಡ ಗಾಯ ತಪ್ಪಿಸೋಣವೆಂಬ ಸಲಹೆಯನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಮುಂದಿಟ್ಟು, ತೀವ್ರ ವಿರೋಧ ಬಂದಾಗ ಒಂದೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಚಿನ್ನದ ತಂತಿಗೂ ಸೂಜಿಮೊನೆಗೂ ಇರುವ ವ್ಯತ್ಯಾಸ ಸಣ್ಣದಲ್ಲ. ತಂತಿ ಕತ್ತರಿಸಿದಾಗ ದೇಹಕ್ಕೆ ಏನೂ ಆಗುವುದಿಲ್ಲ. ಸೂಜಿ ಚುಚ್ಚಿದಾಗ ಹೆಣ್ಣಿನ ಕಾಮನೆಯನ್ನು ಹತೋಟಿಯಲ್ಲಿಡಬೇಕೆಂಬ ಹಳೆಯ ಉದ್ದೇಶ ಅವಳ ಮೈಮೇಲೆಯೇ ಉಳಿಯುತ್ತದೆ. ಖಫ್ಜ್ ಗಾಯದಲ್ಲಿ ಚಿಕ್ಕದಿದ್ದರೂ ಖತ್ನಾಕ್ಕಿಂತ ಹೆಚ್ಚು ಆಕ್ಷೇಪಾರ್ಹವಾಗುವುದು ಈ ಉದ್ದೇಶದಿಂದ. ಹಾಗೆಂದು ಖತ್ನಾ ನಿರಾಕ್ಷೇಪವಾಗುವುದಿಲ್ಲ. ಒಂದರ ಉದ್ದೇಶ ಕೆಟ್ಟದ್ದು ಎಂಬುದರಿಂದ ಇನ್ನೊಂದರ ಗಾಯ ಮಾಯುವುದಿಲ್ಲ.

ಕರ್ನಾಟಕದ ಶಾಸಕಾಂಗ ಈ ಗೆರೆಯನ್ನು ಒಮ್ಮೆ ಎಳೆದಿದೆ. ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ 2017ರ ಅಧಿನಿಯಮ ಬಾಯಿಬೀಗ (ಕೆನ್ನೆಗೆ ಸಲಾಕೆ ಚುಚ್ಚುವುದು), ಸಿಡಿ (ಮೈಗೆ ಕೊಕ್ಕೆ ಸಿಕ್ಕಿಸಿ ತೂಗುವುದು) ಇವನ್ನು ನಿಷೇಧಿಸಿ, ಮಕ್ಕಳ ಕಿವಿ ಮೂಗು ಚುಚ್ಚುವುದು, ಜೈನರ ಕೇಶಲೋಚನ ಇವನ್ನು ಹೊರಗಿಟ್ಟಿತು. ಖತ್ನಾ, ಖಫ್ಜ್‌ಗಳ ಬಗ್ಗೆ ಅದು ಮೌನವಾಗಿದೆ.

ಅಲ್ಪಸಂಖ್ಯಾತರ ಮೇಲಿನ ಹಗೆಯನ್ನು ಮಗುವಿನ ಹಕ್ಕೆಂಬ ವೇಷದಲ್ಲಿ ತರುವವರಿದ್ದಾರೆ ಎಂಬ ಭಯ ಆಧಾರವಿಲ್ಲದ್ದಲ್ಲ. ಹೊರಗಿನ ಒತ್ತಾಯ ತಿರುಗುಬಾಣವೂ ಆಗಬಹುದು: 1929ರಲ್ಲಿ ಕೀನ್ಯಾದ ಕಿಕುಯು ಹೆಣ್ಣುಮಕ್ಕಳ ಛೇದನವನ್ನು ಸ್ಕಾಟ್ಲೆಂಡ್ ಚರ್ಚಿನ ಮಿಷನರಿಗಳು ಒತ್ತಾಯದಿಂದ ನಿಲ್ಲಿಸಹೊರಟಾಗ ಆ ಪದ್ಧತಿಯೇ ವಸಾಹತು ವಿರೋಧದ ಗುರುತಾಗಿ ಇನ್ನಷ್ಟು ಬೇರುಬಿಟ್ಟಿತು. ಖಫ್ಜ್ ವಿರುದ್ಧದ ಇಂದಿನ ದನಿಗೆ ಬಲ ಬಂದಿರುವುದು ಅದು ಬೋಹ್ರಾ ಹೆಂಗಸರದೇ ಆಗಿರುವುದರಿಂದ. ಗಂಡುಮಕ್ಕಳ ಖತ್ನಾದ ಬಗ್ಗೆ ಭಾರತದ ಮುಸ್ಲಿಮರೊಳಗಿನಿಂದ ಅಂಥ ದೊಡ್ಡ ಚಳವಳಿ ಇನ್ನೂ ಎದ್ದಿಲ್ಲ. ಗಂಡುಮಕ್ಕಳ ಖತ್ನಾ ನಿಷೇಧಿಸಬೇಕೆಂಬ ಅರ್ಜಿಯನ್ನು ಕೇರಳ ಹೈಕೋರ್ಟ್ 2023ರ ಮಾರ್ಚ್‌ನಲ್ಲಿ, ಅದು ಪತ್ರಿಕಾ ವರದಿಗಳನ್ನಷ್ಟೇ ನೆಚ್ಚಿದೆಯೆಂದು ವಿಚಾರಣೆಗೆ ಅರ್ಹವಲ್ಲವೆಂದು ವಜಾ ಮಾಡಿತು. ಆ ಹೈಕೋರ್ಟಿನ ವ್ಯಾಪ್ತಿಯಲ್ಲಿರುವ ಕಾಸರಗೋಡಿನ ಬ್ಯಾರಿ ಕುಟುಂಬಗಳ ಮಟ್ಟಿಗೆ ಮೊದಲಿನ ಸ್ಥಿತಿಯೇ ಮುಂದುವರಿಯಿತು. ಖಫ್ಜ್ ಪ್ರಕರಣವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. 2019ರ ನವೆಂಬರ್ 14ರ ಶಬರಿಮಲೆ ಮರುಪರಿಶೀಲನಾ ಆದೇಶ ಖಫ್ಜ್‌ನ ಪ್ರಶ್ನೆಯನ್ನೂ ಮಸೀದಿ ಪ್ರವೇಶ, ಪಾರ್ಸಿ ಮಹಿಳೆಯರ ಹಕ್ಕು ಮೊದಲಾದವುಗಳ ಜೊತೆ ಹೆಸರಿಸಿ, ಧಾರ್ಮಿಕ ಆಚರಣೆಯಲ್ಲಿ ನ್ಯಾಯಾಲಯ ಎಷ್ಟರಮಟ್ಟಿಗೆ ಕೈಹಾಕಬಹುದೆಂಬ ಸಾಮಾನ್ಯ ಪ್ರಶ್ನೆಗಳನ್ನು ಇನ್ನೂ ದೊಡ್ಡ ಪೀಠಕ್ಕೆ ಕಳಿಸಿತು. ಏಳು ವರ್ಷದ ಹುಡುಗಿಯ ಕುರಿತು ಸುಪ್ರೀಂ ಕೋರ್ಟ್ ಹೇಳುವ ಕಾರಣಗಳೇ, ಮುಂದೊಂದು ದಿನ ಐದು ವರ್ಷದ ಹುಡುಗನ ಪ್ರಕರಣ ನ್ಯಾಯಾಲಯದ ಮುಂದೆ ಬಂದಾಗ ಪೂರ್ವನಿದರ್ಶನವಾಗುತ್ತವೆ.