ಆಜಿಯ ಉಪವಾಸ, ನನ್ನ ಶೇಂಗಾ ಬಿಸ್ಕತ್ತು

ಶುಗರ್ ಬಂದ ಮೇಲೆ ಅಮ್ಮ ಊರಿಂದ ಕಳಿಸುತ್ತಿದ್ದ ಶೇಂಗಾ ಹೋಳಿಗೆ ನಿಂತುಹೋಯಿತು. ಈಗ ಭಾನುವಾರ ಸದಾಶಿವ ಪೇಠೆಯ ನಮ್ಮ ಅಡುಗೆಮನೆಯಲ್ಲಿ ನಾನೇ ಬಿಸ್ಕತ್ತು ಮಾಡುತ್ತೇನೆ. ಎಣ್ಣೆ ಬಿಡುವ ತನಕ ರುಬ್ಬಿದ ಹುರಿದ ಶೇಂಗಾ ಒಂದು ಬಟ್ಟಲು, ಒಂದು ಮೊಟ್ಟೆ, ಚೂರು ಸ್ಟೀವಿಯಾ, ಉಪ್ಪು. 175 ಡಿಗ್ರಿಯಲ್ಲಿ 12 ನಿಮಿಷ. ನೂರು ಗ್ರಾಂ ಶೇಂಗಾದಲ್ಲಿ ಕಾರ್ಬೋಹೈಡ್ರೇಟ್ ಸುಮಾರು 16 ಗ್ರಾಂ, ಮೈದಾದಲ್ಲಿ 75ರ ಆಸುಪಾಸು. ಬ್ಯಾಂಕಿನವನಿಗೆ ಲೆಕ್ಕ ಬೇಗ ಹಿಡಿಸಿತು!

ಪಕ್ಕದ ಮನೆಯ ಆಜಿ ಏಕಾದಶಿಯ ಸಾಬುದಾಣೆ ಖಿಚಡಿಗೆ ಶೇಂಗಾ ಪುಡಿ ಉದುರಿಸುತ್ತಾ "ಇದೆಲ್ಲ ವಿಲಾಯತಿ ತಿಂಡಿ" ಅಂತ ನಕ್ಕರು. ತಮಾಷೆ ನೋಡಿ... ಶೇಂಗಾ, ಆಲೂಗಡ್ಡೆ, ಮೆಣಸಿನಕಾಯಿ, ಸಾಬುದಾಣೆಯ ಮರಗೆಣಸು ನಾಲ್ಕೂ ಅಮೆರಿಕದ ಮೂಲದವು. 1492ರಲ್ಲಿ ಕೊಲಂಬಸ್ ಅತ್ತ ಹೋದ ಮೇಲಷ್ಟೇ ಹಡಗು ಹತ್ತಿ ಬಂದವು.

ಆಜಿಗೆ ಇದನ್ನು ಹೇಳಿದೆ. ನಂಬಲಿಲ್ಲ. ದ್ವಾದಶಿಗೆ ಬಿಸ್ಕತ್ತು ಕೊಡಿ ಅಂದರು. ಮೊಟ್ಟೆ ಇದೆ ಅಂದೆ, ಕೈ ಹಿಂದೆಳೆದುಕೊಂಡರು.