ಗಣಿ ಮುಚ್ಚಿದರೂ ಮುಗಿಯದ ಲಕ್ಯಾ ಹೊಣೆ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಭಾಗದ ಕೆರೆಗಳಿಗೆ ಏತ ನೀರಾವರಿ ಯೋಜನೆಯ ಮೂಲಕ ಬರುವ ನೀರು ಭದ್ರಾ ನದಿಯದು. ಅದೇ ನದಿಯ ಮೇಲ್ಭಾಗದಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಬಳಿ, ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಇದೆ. ಅದು ತಡೆದು ನಿಲ್ಲಿಸಿರುವುದು ಬರೀ ನೀರನ್ನಲ್ಲ. ಕಬ್ಬಿಣದ ಅದಿರನ್ನು ಬೇರ್ಪಡಿಸಿದ ನಂತರ ಉಳಿದ ನುಣ್ಣನೆಯ ಹೂಳನ್ನು.

ಕುದುರೆಮುಖದ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಹೀಗಾಗಿ ಕಲ್ಲನ್ನು ಹಿಟ್ಟಿನಂತೆ ಅರೆದು, ಕಬ್ಬಿಣದ ಪುಡಿಯನ್ನು ಕೊಳವೆ ಮಾರ್ಗದಲ್ಲಿ ಮಂಗಳೂರಿಗೆ ಸಾಗಿಸಲಾಗುತ್ತಿತ್ತು. ತ್ಯಾಜ್ಯ ಲಕ್ಯಾ ಸೇರುತ್ತಿತ್ತು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪೆನಿಯ ಇಲ್ಲಿನ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಅಂತ್ಯಕ್ಕೆ ನಿಂತಿತು. ಹೂಳು ಮಾತ್ರ ಅಲ್ಲೇ ಉಳಿಯಿತು.

ನೀರೇ ಅಪಾಯದ ಮೂಲ

ಹೂಳಿನ ಕಣಗಳ ನಡುವೆ ನೀರಿನ ಒತ್ತಡ ಹೆಚ್ಚಿದರೆ ಗಟ್ಟಿಯಾಗಿ ಕಾಣುವ ರಾಶಿಯೂ ಕ್ಷಣಾರ್ಧದಲ್ಲಿ ದ್ರವದಂತೆ ಹರಿಯಬಲ್ಲದು. ನೀರು ಕಟ್ಟೆಯ ನೆತ್ತಿ ಮೀರಿ ಹರಿದರೆ ಮಣ್ಣು ಕೊಚ್ಚಿಹೋಗುತ್ತದೆ. ಭಾರಿ ಮಳೆ ಬೀಳುವ ಪಶ್ಚಿಮಘಟ್ಟದಲ್ಲಿ ಈ ಎರಡೂ ಭೀತಿಗಳನ್ನು ಕಡೆಗಣಿಸುವಂತಿಲ್ಲ.

ಬ್ರೆಜಿಲ್ ಕಲಿಸಿದ ಪಾಠ

ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಕಬ್ಬಿಣ ಗಣಿಯ ತ್ಯಾಜ್ಯದ ಕಟ್ಟೆ ಕುಸಿದು 270 ಮಂದಿ ಬಲಿಯಾದರು. ಅದಕ್ಕೆ ತ್ಯಾಜ್ಯ ಹರಿಸುವುದನ್ನು 2016ರಲ್ಲೇ ನಿಲ್ಲಿಸಲಾಗಿತ್ತು. ಕಟ್ಟೆ ಸ್ಥಿರವಾಗಿದೆ ಎಂಬ ಪ್ರಮಾಣಪತ್ರವೂ ಇತ್ತು. ಈ ದುರಂತದ ಬೆನ್ನಲ್ಲೇ, 2020ರ ಆಗಸ್ಟ್‌ನಲ್ಲಿ ಇಂಥ ಕಟ್ಟೆಗಳ ನಿರ್ವಹಣೆಗೆ ಜಾಗತಿಕ ಮಾನದಂಡ ಪ್ರಕಟವಾಯಿತು. ಗಣಿ ಮುಚ್ಚಿದ ನಂತರದ ಅವಧಿಗೂ ಅದು ಅನ್ವಯಿಸುತ್ತದೆ.

ಅಗತ್ಯ ಕ್ರಮಗಳು

* ಮಹಾಮಳೆಯ ನೀರನ್ನು ಹೊರಹಾಕುವ ಕೋಡಿಯನ್ನು ಮುಂಗಾರಿಗೆ ಮುನ್ನವೇ ತೆರವಾಗಿಟ್ಟುಕೊಳ್ಳುವುದು.
* ಕಟ್ಟೆಯೊಳಗಿನ ನೀರಿನ ಒತ್ತಡವನ್ನು ಪೀಜೋಮೀಟರ್‌ಗಳಿಂದ ಅಳೆಯುವುದು.
* ಜಿನುಗುವ ನೀರಿನ ಪ್ರಮಾಣ, ಬಣ್ಣಗಳನ್ನು ದಾಖಲಿಸುವುದು. ತಿಳಿನೀರು ಕದಡಿದರೆ ಒಳಗೆ ಮಣ್ಣು ಸವೆಯುತ್ತಿರುವ ಸೂಚನೆ.
* ಸ್ವತಂತ್ರ ತಜ್ಞರಿಂದ ನಿಯತ ತಪಾಸಣೆ ನಡೆಸುವುದು.
* ಕೆಳಪಾತ್ರದ ಜನರಿಗೆ ಮುನ್ಸೂಚನೆ ಹಾಗೂ ತೆರವಿನ ಮಾರ್ಗ ತಿಳಿಸಿ, ಅಣಕು ಕಾರ್ಯಾಚರಣೆ ನಡೆಸುವುದು.

ಗಣಿಯಿಂದ ಆದಾಯ ಬರುತ್ತಿರುವಾಗ ಇಂಥ ಕೆಲಸಗಳಿಗೆ ಹಣ, ಸಿಬ್ಬಂದಿ ಎರಡೂ ಇರುತ್ತವೆ. ಆದಾಯ ನಿಂತ ಮೇಲೂ ಅವನ್ನು ಮೀಸಲಿಡುವುದೇ ನಿಜವಾದ ಸವಾಲು. ಭದ್ರೆಯನ್ನು ನೆಚ್ಚಿದ ಊರುಗಳ ಕ್ಷೇಮ ಅದನ್ನು ಅವಲಂಬಿಸಿದೆ.