ಕೂದಲು ತೂಗಿದೆವು, ಮಗುವನ್ನು ತೂಗಲಿಲ್ಲ

ನನ್ನ ಮಗಳು ಹುಟ್ಟಿದಾಗ ಅವಳ ತೂಕ 2 ಕಿಲೋ 150 ಗ್ರಾಂ. ನರ್ಸ್ ಅದನ್ನು ಕಾರ್ಡಿನಲ್ಲಿ ಬರೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದರು. ಉಪ್ಪಳದಲ್ಲಿ ನಮ್ಮದು ದಿನಸಿ ಅಂಗಡಿ. ತಕ್ಕಡಿಯ ಮುಂದೆಯೇ ಬೆಳೆದವನು ನಾನು. ಸಕ್ಕರೆಯ ಕಟ್ಟನ್ನು ಕೈಯಲ್ಲಿ ಹಿಡಿದರೆ ಐವತ್ತು ಗ್ರಾಂ ಹೆಚ್ಚುಕಮ್ಮಿ ಇದ್ದರೂ ಗೊತ್ತಾಗುತ್ತದೆ. ಆದರೆ ಆ ಕೆಂಪು ಗೆರೆಯ ಅರ್ಥ ಗೊತ್ತಾಗಲಿಲ್ಲ. ಕೇಳಿದಾಗ ನರ್ಸ್, "ಎರಡೂವರೆ ಕಿಲೋ ಇರಬೇಕಿತ್ತು" ಎಂದರು, ಅಷ್ಟೇ.

ಮನೆಗೆ ಬಂದಾಗ ಉಮ್ಮಮ್ಮ ಮಾತ್ರ ಸಮಾಧಾನವಾಗಿದ್ದರು. "ನಮ್ಮ ಮನೆಯ ಮಕ್ಕಳೆಲ್ಲ ಸಣ್ಣವೇ. ಸಣ್ಣ ಮಗುವಾದರೆ ಹೆರಿಗೆ ಸುಲಭ" ಎಂದರು. ಉಮ್ಮಮ್ಮ ಏಳು ಹೆತ್ತವರು, ಉಳಿದದ್ದು ಐದು. "ಅವುಗಳ ತೂಕ ಎಷ್ಟಿತ್ತು?" ಎಂದು ಕೇಳಿದೆ. "ಮಗುವಿನ ತೂಕ ಯಾರು ನೋಡಿದ್ದಾರೆ? ಕೂದಲಿನ ತೂಕ ನೋಡಿದ್ದು ಗೊತ್ತು" ಎಂದರು.

ಅವರು ಹೇಳಿದ್ದು ಸರಿ. ಏಳನೇ ದಿನ ಮಗುವಿನ ತಲೆ ಬೋಳಿಸಿ, ಕೂದಲಿನ ತೂಕದಷ್ಟು ಬೆಳ್ಳಿಯ ಬೆಲೆಯನ್ನು ಬಡವರಿಗೆ ಕೊಡುವುದು ನಮ್ಮಲ್ಲಿ ಹಳೆಯ ಕ್ರಮ. ಕೂದಲು ತೂಗಲು ತಕ್ಕಡಿ ಇತ್ತು. ಮಗುವನ್ನು ತೂಗುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. ಈ ಯೋಚನೆ ಎಲ್ಲಿಂದ, ಯಾವಾಗ ಬಂತು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೂಕದ ಕಲ್ಲಿನ ವಿಷಯ. ಉಪ್ಪನ ಉಪ್ಪ ಅಂಗಡಿ ಇಟ್ಟ ಕಾಲದಲ್ಲಿ ಕಿಲೋ ಇರಲಿಲ್ಲ, ಸೇರು, ರಾತಲು ಇದ್ದವು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿತು. ಅದೇ ವರ್ಷ ದೇಶದಲ್ಲಿ ಹೊಸ ಅಳತೆ-ತೂಕದ ಕಾಯ್ದೆ ಬಂತು. 1958ರಿಂದ ಹಂತ ಹಂತವಾಗಿ ಕಿಲೋ ಬಂತು. ಗಡಿಯೂ ಕಲ್ಲೂ ಹೆಚ್ಚುಕಡಿಮೆ ಒಟ್ಟಿಗೇ ಬದಲಾದವು. ಅಕ್ಕಿಯ ತೂಕದಲ್ಲಿ ಮೋಸವಾಗಬಾರದೆಂದು ಸರಕಾರ ಅಂಗಡಿಯ ತಕ್ಕಡಿಗೆ ಮುದ್ರೆ ಹಾಕುತ್ತಿತ್ತು. ಆದರೆ ಆ ಕಾಲದಲ್ಲಿ ನಮ್ಮ ಕಡೆ ಹೆರಿಗೆ ಎಂದರೆ ಮನೆಯ ಒಳಕೋಣೆ, ಸೂಲಗಿತ್ತಿ, ಬಿಸಿನೀರು. ಅಲ್ಲಿಗೆ ಯಾವ ಕಲ್ಲೂ ಹೋಗಲಿಲ್ಲ.

ಇನ್ನು ಎರಡೂವರೆ ಕಿಲೋ ಎಂಬ ಗೆರೆ. ಫಿನ್ಲೆಂಡಿನ ಮಕ್ಕಳ ವೈದ್ಯ ಆರ್ವೋ ಇಲ್ಪ್ಪೊ ಸುಮಾರು ನೂರು ವರ್ಷದ ಹಿಂದೆ 2,500 ಗ್ರಾಂ ಎಂಬ ಅಳತೆಯನ್ನು ಬಳಕೆಗೆ ತಂದವರು. 1948ರಲ್ಲಿ ವಿಶ್ವ ಆರೋಗ್ಯ ಸಭೆ ಅದನ್ನು ಒಪ್ಪಿತು. ಹಳೆಯ ಲೆಕ್ಕದಲ್ಲಿ ಅದು ಸರಿಸುಮಾರು ಐದೂವರೆ ರಾತಲು. ಆಗ ಇದಕ್ಕಿಂತ ಸಣ್ಣ ಮಗುವನ್ನೆಲ್ಲ 'ದಿನ ತುಂಬದ್ದು' ಎಂದೇ ಕರೆಯುತ್ತಿದ್ದರು. ಆದರೆ ನಮ್ಮಂಥ ದೇಶಗಳಲ್ಲಿ ಒಂಬತ್ತು ತಿಂಗಳು ತುಂಬಿಯೂ ಸಣ್ಣದಾಗಿ ಹುಟ್ಟುವ ಮಕ್ಕಳೇ ಬಹಳ. ಹಾಗಾಗಿ 1961ರಲ್ಲಿ ಹೆಸರು ಬದಲಾಯಿತು, 'ಕಡಿಮೆ ಜನನ ತೂಕ' ಎಂದಾಯಿತು. ದಿನ ತುಂಬದೆ ಬಂದದ್ದು ಒಂದು ಕತೆ, ದಿನ ತುಂಬಿಯೂ ಬೆಳೆಯದೆ ಬಂದದ್ದು ಬೇರೆ ಕತೆ. ನನ್ನ ಮಗಳದ್ದು ಎರಡನೆಯದು. ಒಳಗೆ ಸಮಯ ಸಾಕಷ್ಟಿತ್ತು, ಸಾಮಾನು ಸಾಲಲಿಲ್ಲ.

ಸಣ್ಣ ಮಗು ಆಮೇಲೆ ತಿಂದು ದಪ್ಪಗಾಗುತ್ತದಲ್ಲ, ಮತ್ತೇನು ಚಿಂತೆ ಎಂದು ನಾನೂ ಅಂದುಕೊಂಡಿದ್ದೆ. ಇದಕ್ಕೆ ಉತ್ತರ ಸಿಕ್ಕಿದ್ದು ಹಳೆಯ ಹೆರಿಗೆ ಪುಸ್ತಕಗಳಲ್ಲಿ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಎಂಬಲ್ಲಿ 1911ರಿಂದಲೇ ದಾದಿಯರು ಪ್ರತಿ ಮಗುವನ್ನೂ ತೂಗಿ ಬರೆದಿಡುತ್ತಿದ್ದರು. ಡೇವಿಡ್ ಬಾರ್ಕರ್ ಎಂಬ ವೈದ್ಯರು ಆ ಮಕ್ಕಳು ಮುದುಕರಾದ ಮೇಲೆ ಏನಾದರು ಎಂದು ಹುಡುಕಿದರು. ಸಣ್ಣದಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆಯಿಂದ ಸತ್ತವರು ಹೆಚ್ಚು ಎಂದು 1989ರಲ್ಲಿ ಪ್ರಕಟಿಸಿದರು.

ಇಂಥದ್ದೇ ಪುಸ್ತಕ ನಮ್ಮ ಮೈಸೂರಿನಲ್ಲೂ ಇತ್ತು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಬರೆದಿಟ್ಟಿದ್ದರು, ತಾಯಿಯ ತೂಕವೂ ಇತ್ತು. ಅಲ್ಲಿ 1934ರಿಂದ 1954ರೊಳಗೆ ಹುಟ್ಟಿ, ಆಸ್ಪತ್ರೆಯ ಹತ್ತಿರವೇ ನೆಲೆಸಿದ್ದ 517 ಮಂದಿಯನ್ನು ಪತ್ತೆ ಹಚ್ಚಿ ಪರೀಕ್ಷಿಸಿದ ವರದಿ 1996ರಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. 3.1 ಕಿಲೋ ಮೇಲ್ಪಟ್ಟವರಲ್ಲಿ ನೂರಕ್ಕೆ 3. ಮಗುವೂ ಸಣ್ಣದು, ಬಸುರಿಯಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಎಂಬಲ್ಲಿ ನೂರಕ್ಕೆ 20.

ಈ ಕೊನೆಯ ಲೆಕ್ಕ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಮನೆಗಳಲ್ಲಿ ಐವತ್ತು ದಾಟುವ ಮೊದಲೇ ಹಾರ್ಟ್ ಅಟ್ಯಾಕ್ ಆದವರನ್ನು ಎಣಿಸಿದರೆ ಬೆರಳು ಸಾಲದು. ಬಿರಿಯಾನಿ, ಗಲ್ಫಿನ ಒತ್ತಡ, ಸಿಗರೇಟು ಎಂದೆಲ್ಲ ಕಾರಣ ಹೇಳುತ್ತೇವೆ. ಅವೂ ಕಾರಣಗಳೇ. ಆದರೆ ಅವರು ಹುಟ್ಟುವ ಮೊದಲು ಅವರ ಉಮ್ಮನ ಬಟ್ಟಲಿನಲ್ಲಿ ಏನಿತ್ತು ಎಂದು ನಾವು ಕೇಳುವುದಿಲ್ಲ.

ಆ ಬಟ್ಟಲಿನ ವಿಷಯವೂ ದಾಖಲಾಗಿದೆ. ಅಮೆರಿಕದ ಮಾನವಶಾಸ್ತ್ರಜ್ಞರಾದ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿದ್ದು, ಬಸುರಿಯರ ಊಟದ ಬಗ್ಗೆ 1983ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹೊಟ್ಟೆಯಲ್ಲಿ ಅನ್ನಕ್ಕೂ ಮಗುವಿಗೂ ಒಂದೇ ಜಾಗ, ಹೆಚ್ಚು ತಿಂದರೆ ಮಗುವಿಗೆ ಜಾಗ ಸಾಲದು, ಮಗು ಸಣ್ಣದಿದ್ದರೆ ಹೆರಿಗೆ ಸುಲಭ ಎಂದು ಅಲ್ಲಿನ ಹೆಂಗಸರು ನಂಬಿದ್ದನ್ನು ಅವರು ಬರೆದಿದ್ದಾರೆ. ನಮ್ಮ ಉಮ್ಮಮ್ಮ ಹೇಳಿದ್ದು ಅಕ್ಷರಶಃ ಅದನ್ನೇ. ಅದನ್ನು ಅಜ್ಞಾನ ಎಂದು ನಗುವುದು ಸರಿಯಲ್ಲ. ಸುತ್ತ ಆಸ್ಪತ್ರೆ ಇಲ್ಲದ ಕಾಲದಲ್ಲಿ ಮಗು ಅಡ್ಡ ಬಂದರೆ ತಾಯಿಯ ಜೀವವೇ ಹೋಗುತ್ತಿತ್ತು. ಸಣ್ಣ ಮಗುವನ್ನು ಬಯಸಿದ್ದು ತಾಯಿ ಉಳಿಯಲಿ ಎಂದು. ಈಗ ಮಂಗಳೂರು, ಕಾಸರಗೋಡು ಎರಡೂ ಒಂದು ಗಂಟೆಯ ದಾರಿ. ಆ ಭಯಕ್ಕೆ ಕಾರಣ ಉಳಿದಿಲ್ಲ, ಕಡಿಮೆ ತಿನ್ನುವ ಕ್ರಮ ಮಾತ್ರ ಉಳಿದಿದೆ.

ಇನ್ನೊಂದು, ಬೀಡಿ. ಎಷ್ಟೋ ಬ್ಯಾರಿ ಮನೆಗಳ ಒಲೆ ಉರಿದದ್ದು ಉಮ್ಮಂದಿರು ಕಟ್ಟಿದ ಬೀಡಿಯಿಂದ. ನನ್ನ ಉಮ್ಮನೂ ಕಟ್ಟಿದವರೇ. ನನ್ನ ಪಾಲಿಟೆಕ್ನಿಕ್ ಫೀಸಿನ ಮೊದಲ ಕಂತು ಆ ದುಡ್ಡು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ, ಅದರ ಕೆಳಗೆ ಹೊಟ್ಟೆಯಲ್ಲಿ ಮಗು. ನಿಕೋಟಿನ್ ಮೈಗೆ ಸೇರಲು ಬೀಡಿ ಸೇದಲೇಬೇಕೆಂದಿಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಸೇರುತ್ತದೆ. 1966ರ ಕಾಯ್ದೆ ಬೀಡಿ ಕಾರ್ಮಿಕರಿಗೆ ಹೆರಿಗೆ ಸೌಲಭ್ಯದ ಹಕ್ಕು ಕೊಟ್ಟಿತ್ತು. ಆದರೆ ಎಂಟನೇ ತಿಂಗಳಿನಲ್ಲೂ ಮೊರ ಕೆಳಗಿಡದೆ ದುಡಿದವರನ್ನು ನಾನೇ ನೋಡಿದ್ದೇನೆ.

ಈಗ ನನ್ನ ಮನೆಯ ಲೆಕ್ಕ. ಮಗಳು ಹುಟ್ಟಿ ಒಂದು ತಿಂಗಳಾದ ಮೇಲೆ ಕಪಾಟಿನಲ್ಲಿ ಬೇರೆ ಏನೋ ಹುಡುಕುವಾಗ ಕಬ್ಬಿಣದ ಮಾತ್ರೆಗಳ ಪಟ್ಟಿ ಸಿಕ್ಕಿತು. ಬಹುಪಾಲು ಹಾಗೇ ಇತ್ತು. ಬಸುರಿಯರಿಗೆ ಈ ಮಾತ್ರೆ ಕೊಡುವ ಯೋಜನೆ ದೇಶದಲ್ಲಿ ಶುರುವಾದದ್ದು 1970ರಲ್ಲಿ. ಈಗ 180 ದಿನ ತಿನ್ನಬೇಕು. ಹೆಂಡತಿಯನ್ನು ಕೇಳಿದೆ. "ತಿಂದರೆ ಹೊಟ್ಟೆ ಕಟ್ಟುತ್ತಿತ್ತು, ಹೇಳಿದರೆ ಯಾರು ಕೇಳುತ್ತಿದ್ದರು?" ಎಂದಳು. ಎಲ್ಲರ ಊಟವಾದ ಮೇಲೆ ಅವಳು ತಿನ್ನುತ್ತಿದ್ದಳು. ಮೀನಿನ ತುಂಡು ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಸಾರು. ಅಂಗಡಿಯಲ್ಲಿ ಹತ್ತು ಗ್ರಾಂ ಬಿಡದ ನಾನು ಒಂಬತ್ತು ತಿಂಗಳಿನಲ್ಲಿ ಒಂದು ದಿನವೂ ಅವಳ ತೂಕ ಎಷ್ಟೆಂದು ಕೇಳಿರಲಿಲ್ಲ. ಕಾರ್ಡಿನಲ್ಲಿ ಅದು ಬರೆದೇ ಇತ್ತು.

ಮಗಳನ್ನು ಉಳಿಸಿದ್ದು ದೊಡ್ಡ ಯಂತ್ರವಲ್ಲ. ನರ್ಸ್ ಹೇಳಿಕೊಟ್ಟಂತೆ ದಿನಕ್ಕೆ ಗಂಟೆಗಟ್ಟಲೆ ಎದೆಗೆ ಮೈ ತಾಗಿಸಿ ಮಲಗಿಸಿದೆವು, ತಾಯಿಯ ಹಾಲು ಬಿಟ್ಟು ಬೇರೇನೂ ಕೊಡಲಿಲ್ಲ. ಈ ಕ್ರಮ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ ಶುರುವಾದದ್ದು. ಕಾಂಗರೂ ಆರೈಕೆ ಎಂದು ಹೆಸರು. ತಾಯಿ ಊಟಕ್ಕೆ, ಸ್ನಾನಕ್ಕೆ ಹೋದಾಗ ನಾನೂ ಶರ್ಟ್ ಬಿಚ್ಚಿ ಎದೆಯ ಮೇಲೆ ಮಲಗಿಸಿಕೊಂಡೆ. ಉಮ್ಮಮ್ಮ ಮೊದಲು ನಕ್ಕರು, ಆಮೇಲೆ ಹೊದಿಕೆ ತಂದು ಹೊದೆಸಿದರು.

ದೇಶದ ಲೆಕ್ಕ ನೋಡಿದರೆ, 2005-06ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ತೂಕ ನೋಡಿದ್ದು ಮೂರರಲ್ಲಿ ಒಂದರಷ್ಟನ್ನು ಮಾತ್ರ. ಈಗ ಬಹುತೇಕ ಎಲ್ಲವನ್ನೂ ತೂಗುತ್ತಾರೆ. 2019-21ರಲ್ಲಿ ಹಾಗೆ ತೂಗಿದವುಗಳಲ್ಲಿ ನೂರಕ್ಕೆ 18 ಎರಡೂವರೆ ಕಿಲೋಗಿಂತ ಕಡಿಮೆ. ಈ ಸಮೀಕ್ಷೆಗಳಲ್ಲಿ ಸರಿಯಾಗಿ 2,500 ಎಂದು ಬರೆದ ಮಕ್ಕಳು ವಿಪರೀತ ಹೆಚ್ಚು. ಅಂಗಡಿಯವನಿಗೆ ಇದು ಬೇಗ ಅರ್ಥವಾಗುತ್ತದೆ. 2,430 ಬಂದರೂ 'ಎರಡೂವರೆ' ಎಂದು ಬರೆದರೆ ಆ ಮಗು ಲೆಕ್ಕದಿಂದ ಜಾರಿತು, ಅದರ ಆರೈಕೆಯೂ ಜಾರಿತು. ಆದ್ದರಿಂದ ತೂಗುವಾಗ ಪಕ್ಕದಲ್ಲಿ ನಿಲ್ಲಿ. ಯಂತ್ರದಲ್ಲಿ ಮೊದಲು ಸೊನ್ನೆ ಬಂತೇ ನೋಡಿ. ಗ್ರಾಂವರೆಗೆ ಬರೆಸಿಕೊಳ್ಳಿ.

ಅದಕ್ಕಿಂತ ಮೊದಲು ತಾಯಿಯ ತೂಕ ಕೇಳಿ. ಬಸುರಿಯಾದ ಮೇಲೆ ಅಲ್ಲ, ಮದುವೆಯಾದಾಗಲೇ. ಮಗಳು ಶಾಲೆಗೆ ಹೋಗುವಾಗಲೇ ಅವಳ ಬಟ್ಟಲು ನೋಡಿ. ನೋಂಬಿನಲ್ಲಿ ಬಸುರಿಗೂ ಹಾಲೂಡಿಸುವ ತಾಯಿಗೂ ದೀನ್ ಕೊಟ್ಟ ರಿಯಾಯಿತಿಯನ್ನು 'ಜನ ಏನು ಹೇಳುತ್ತಾರೆ' ಎಂದು ಕಸಿದುಕೊಳ್ಳಬೇಡಿ. ಉಸ್ತಾದರನ್ನು ಕೇಳಿ, ಡಾಕ್ಟರನ್ನೂ ಕೇಳಿ.

ಮಗಳಿಗೆ ಈಗ ನಾಲ್ಕು ವರ್ಷ. ಅಂಗಡಿಗೆ ಬಂದರೆ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಹತ್ತಿ ಕೂರುತ್ತಾಳೆ. ಹೆಂಡತಿ ಈಗ ಎರಡನೇ ಬಾರಿ ಐದು ತಿಂಗಳ ಬಸುರಿ. ಪ್ರತಿ ತಿಂಗಳು ಅವಳ ತೂಕವನ್ನು ಕಾರ್ಡಿನಿಂದ ನೋಡಿ ಅಂಗಡಿಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತೇನೆ. ಮೀನು ಬಂದ ದಿನ ಮೊದಲ ತುಂಡು ಅವಳ ಬಟ್ಟಲಿಗೆ. ಬಡಿಸುವವರು ಉಮ್ಮಮ್ಮನೇ.